ಬ್ರಿಟಿಷ್ ಟಿವಿ ನೋಡಲು ಎಲ್ಲಿಂದ ಆರಂಭಿಸಬೇಕು? ಒಬ್ಬ ನಟರ ಜಾಡು ಹಿಡಿಯಿರಿ

ಬ್ರಿಟನ್ನಿನ ಟಿವಿ ಸರಣಿಗಳ ಬಗ್ಗೆ ಬರೆದಾಗಲೆಲ್ಲ ಓದುಗರು ಕೇಳುವುದು ಒಂದೇ ಪ್ರಶ್ನೆ: ನೋಡುವ ಆಸೆಯಿದೆ, ಆದರೆ ಎಲ್ಲಿಂದ ಶುರು ಮಾಡುವುದು? ಕೆಲವರು ‘ನೂರು ಶ್ರೇಷ್ಠ ಸರಣಿಗಳು’ ಎಂಬಂಥ ಪಟ್ಟಿ ಹಿಡಿದು ಹೊರಟು ಮೂರನೆಯದಕ್ಕೇ ದಣಿದಿರುತ್ತಾರೆ. ಇನ್ನು ಕೆಲವರು ಒಂದು ಸರಣಿಯನ್ನು ಮನಸಾರೆ ಮೆಚ್ಚಿ, ಅದು ಆರೇ ಕಂತಿಗೆ ಮುಗಿದುಹೋದಾಗ ಮುಂದೇನು ಎಂದು ತೋಚದೆ ನಿಂತಿರುತ್ತಾರೆ. ಇಬ್ಬರಿಗೂ ನನ್ನ ಉತ್ತರ ಒಂದೇ. ಪಟ್ಟಿಯನ್ನು ಬಿಡಿ, ನಟರನ್ನು ಹಿಡಿಯಿರಿ. ನಿಮಗೆ ಹಿಡಿಸಿದ ಒಬ್ಬ ನಟ ಅಥವಾ ನಟಿ ಹಿಂದೆ ಎಲ್ಲೆಲ್ಲಿ ದುಡಿದಿದ್ದಾರೆ, ಯಾರ ಜೊತೆ ದುಡಿದಿದ್ದಾರೆ ಎಂದು ನೋಡುತ್ತ ಹೋದರೆ ಅರ್ಧ ಶತಮಾನದ ಟಿವಿ ತಾನಾಗಿ ತೆರೆದುಕೊಳ್ಳುತ್ತದೆ.

ಬ್ರಿಟನ್ನಿಗೆ ಈ ದಾರಿ ಹೊಂದುವುದಕ್ಕೆ ಕಾರಣವಿದೆ. ಅಲ್ಲಿನ ನಟವರ್ಗ ದೊಡ್ಡದಲ್ಲ. ಆಸ್ಕರ್ ಗೆದ್ದ ನಟಿಯೂ ಮರುವರ್ಷ ಟಿವಿಯ ಪುಟ್ಟ ಹಾಸ್ಯಸರಣಿಯಲ್ಲಿ ಕಾಣಿಸಿಕೊಳ್ಳಬಹುದು, ಅದಾದ ಮೇಲೆ ಲಂಡನ್ನಿನ ರಂಗಮಂದಿರದಲ್ಲಿ ಮೂರು ತಿಂಗಳು ನಾಟಕ ಆಡಬಹುದು, ನಡುವೆ ರೇಡಿಯೊಗೆ ದನಿಯನ್ನೂ ಕೊಡಬಹುದು. ಟಿವಿ, ರಂಗಭೂಮಿ, ಸಿನಿಮಾ, ರೇಡಿಯೊಗಳ ನಡುವೆ ಗೋಡೆ ಬಹಳ ತೆಳು. ಆದ್ದರಿಂದ ಒಬ್ಬರ ಹಿಂದೆ ಹೋದರೆ ಉಳಿದವರೆಲ್ಲ ಸಿಗುತ್ತಾರೆ.

ಈ ಲೋಕ ನಮಗೆ ತೀರ ಹೊಸದೂ ಅಲ್ಲ. ‘ಮಿಸ್ಟರ್ ಬೀನ್’ ನೋಡದ ಮನೆ ಕರ್ನಾಟಕದಲ್ಲಿ ಕಡಿಮೆ. ಪುನೀತ್ ರಾಜ್‌ಕುಮಾರ್ 2012ರಲ್ಲಿ ನಡೆಸಿಕೊಡಲಾರಂಭಿಸಿದ ‘ಕನ್ನಡದ ಕೋಟ್ಯಧಿಪತಿ’ಯ ಮೂಲ, 1998ರಲ್ಲಿ ಬ್ರಿಟನ್ನಿನ ಐಟಿವಿಯಲ್ಲಿ ಶುರುವಾದ ರಸಪ್ರಶ್ನೆ ಕಾರ್ಯಕ್ರಮ. ಪಂಕಜ್ ತ್ರಿಪಾಠಿಯವರ ‘ಕ್ರಿಮಿನಲ್ ಜಸ್ಟಿಸ್’, ಅಜಯ್ ದೇವಗನ್ ಅವರ ‘ರುದ್ರ’ ಇವೆರಡೂ ಬಿಬಿಸಿ ಸರಣಿಗಳಿಂದ ಬಂದವು. ಬಾಗಿಲು ಆಗಲೇ ತೆರೆದಿದೆ ಎಂದುಕೊಂಡು ಮುಂದೆ ಹೋಗೋಣ.

ಹೊರಡುವ ಮುನ್ನ

ಬೇಕಾಗಿರುವುದು ಹೆಚ್ಚೇನಿಲ್ಲ. ಒಂದೋ ಎರಡೋ ಒಟಿಟಿ ಚಂದಾ, ಒಳ್ಳೆಯ ಹೆಡ್‌ಫೋನ್, ಹೆಸರು ಬರೆದಿಟ್ಟುಕೊಳ್ಳಲು ಒಂದು ಪುಸ್ತಕ ಅಥವಾ ಮೊಬೈಲಿನ ಟಿಪ್ಪಣಿ ಪುಟ. ಇವುಗಳ ಜೊತೆಗೆ ನಾಲ್ಕಾರು ಪದಗಳ ಪರಿಚಯ ಇರಲಿ.

ಬಿಬಿಸಿ ಎಂದರೆ ಜನರು ಕೊಡುವ ಪರವಾನಗಿ ಶುಲ್ಕದಿಂದ ನಡೆಯುವ ಸಾರ್ವಜನಿಕ ಸಂಸ್ಥೆ. 1936ರ ನವೆಂಬರಿನಲ್ಲಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸಿನಿಂದ ಅದರ ಟಿವಿ ಪ್ರಸಾರ ಆರಂಭವಾಯಿತು. ಬ್ರಿಟನ್ನಿನಲ್ಲಿ ಅದು ಜಾಹೀರಾತು ತೋರಿಸುವುದಿಲ್ಲ. ಐಟಿವಿ 1955ರಲ್ಲಿ ಬಂದ ಖಾಸಗಿ ವಾಹಿನಿ. ಜಾಹೀರಾತೇ ಅದರ ಆದಾಯ. ಚಾನೆಲ್ 4 ಆರಂಭವಾದದ್ದು 1982ರಲ್ಲಿ, ಬೇರೆಯವರು ಮುಟ್ಟದ ವಿಷಯಗಳನ್ನು ಮುಟ್ಟಬೇಕೆಂಬ ಹೊಣೆಯೊಂದಿಗೆ. ಯಾವ ಸರಣಿ ಯಾವ ವಾಹಿನಿಯದು ಎಂದು ತಿಳಿದಿದ್ದರೆ ಅದರ ಲಯ ಮೊದಲೇ ಅರ್ಥವಾಗುತ್ತದೆ. ಬಿಬಿಸಿಯ ಒಂದು ಗಂಟೆಯ ಕಂತು ಹೆಚ್ಚುಕಡಿಮೆ ಪೂರ್ತಿ ಒಂದು ಗಂಟೆ ಇರುತ್ತದೆ. ಐಟಿವಿಯದು ಮುಕ್ಕಾಲು ಗಂಟೆಯ ಆಸುಪಾಸಿಗೆ ಮುಗಿಯುತ್ತದೆ, ಜಾಹೀರಾತು ಬರುವಲ್ಲಿ ಕಥೆ ಸಣ್ಣ ತಿರುವೊಂದನ್ನು ಇಟ್ಟುಕೊಂಡಿರುತ್ತದೆ.

ಒಂದು ವರ್ಷದಲ್ಲಿ ಪ್ರಸಾರವಾಗುವ ಕಂತುಗಳ ಗುಂಪನ್ನು ಬ್ರಿಟಿಷರು ‘ಸೀರೀಸ್’ ಎನ್ನುತ್ತಾರೆ, ಅಮೆರಿಕನ್ನರು ‘ಸೀಸನ್’ ಎನ್ನುತ್ತಾರೆ. ಗೊಂದಲ ಬೇಡವೆಂದು ನಾನು ಇಲ್ಲಿ ಸೀಸನ್ ಎಂದೇ ಬರೆಯುತ್ತೇನೆ. ‘ಸ್ಪೆಷಲ್’ ಎಂದರೆ ಸೀಸನ್ನಿನ ಲೆಕ್ಕಕ್ಕೆ ಸೇರದ ಬಿಡಿ ಕಂತು, ಹೆಚ್ಚಾಗಿ ಕ್ರಿಸ್‌ಮಸ್ ಹೊತ್ತಿಗೆ ಬರುವಂಥದು. ‘ವಾಟರ್‌ಶೆಡ್’ ಎಂದರೆ ರಾತ್ರಿ ಒಂಬತ್ತರ ಗಡಿ. ಮಕ್ಕಳು ನೋಡಬಾರದ ಹಿಂಸೆ, ಬೈಗುಳ, ನಗ್ನತೆ ಇರುವ ಕಾರ್ಯಕ್ರಮಗಳನ್ನು ಅಲ್ಲಿನ ವಾಹಿನಿಗಳು ಅದಕ್ಕೂ ಮೊದಲು ತೋರಿಸುವಂತಿಲ್ಲ. ಒಟಿಟಿಯಲ್ಲಿ ನೋಡುವ ನಮಗೆ ಈ ಗಡಿ ಕಾಣುವುದಿಲ್ಲ. ಮನೆಮಂದಿಯೆಲ್ಲ ಕೂತು ನೋಡುವುದಾದರೆ ವಯೋಮಿತಿಯ ಸೂಚನೆಯನ್ನು ತಪ್ಪದೆ ಓದಿ. ಬ್ರಿಟಿಷ್ ಎಂದರೆ ಸಭ್ಯ, ಮೆಲುದನಿಯ ನಾಟಕ ಎಂದು ನಂಬಿ ಕೂತವರು ಕಕ್ಕಾಬಿಕ್ಕಿಯಾಗುವುದುಂಟು.

ಹಂತ 1: ಚಿಕ್ಕದೊಂದನ್ನು ಪೂರ್ತಿ ನೋಡಿ

ಬ್ರಿಟಿಷ್ ಸರಣಿಗಳು ಗಿಡ್ಡ. ಸೀಸನ್ನಿಗೆ ಹೆಚ್ಚಾಗಿ ಮೂರು, ಆರು, ಇಲ್ಲವೇ ಎಂಟು ಕಂತು. ಒಬ್ಬರೋ ಇಬ್ಬರೋ ಲೇಖಕರು ಎಲ್ಲ ಕಂತುಗಳನ್ನೂ ಬರೆಯುವುದು ಅಲ್ಲಿನ ರೂಢಿ, ಅವರು ಬರೆಯಬಲ್ಲಷ್ಟೇ ಸರಣಿಯ ಉದ್ದ. ಜಾನ್ ಕ್ಲೀಸ್ ಮತ್ತು ಕಾನಿ ಬೂತ್ ಬರೆದು ನಟಿಸಿದ ‘ಫಾಲ್ಟಿ ಟವರ್ಸ್’ನಲ್ಲಿ ಇರುವುದು 12 ಕಂತು ಮಾತ್ರ. 1975ರಲ್ಲಿ ಆರು, ನಾಲ್ಕು ವರ್ಷ ಕಾದು 1979ರಲ್ಲಿ ಆರು. ಬೆನೆಡಿಕ್ಟ್ ಕಂಬರ್‌ಬ್ಯಾಚ್ ಅವರ ‘ಶೆರ್ಲಾಕ್’ 2010ರಿಂದ 2017ರವರೆಗೆ ನಡೆದರೂ ಒಟ್ಟು 13 ಕಂತು. ನೂರಾರು ಕಂತಿನ ಧಾರಾವಾಹಿಗಳಿಗೆ ಒಗ್ಗಿದವರಿಗೆ ಇದು ಮೊದಮೊದಲು ಕೊರತೆ ಎನಿಸಬಹುದು. ನನಗೆ ಇದೇ ದೊಡ್ಡ ಗುಣ. ಒಂದು ವಾರಾಂತ್ಯದಲ್ಲಿ ಒಂದು ಕೃತಿಯನ್ನು ಆದಿಯಿಂದ ಅಂತ್ಯದವರೆಗೆ ನೋಡಿ ಮುಗಿಸಬಹುದು.

ಮೊದಲನೆಯದಕ್ಕೆ ನಾನು ಕೊಡುವ ಹೆಸರುಗಳು ಇವು. ರಾಜಕೀಯ, ಆಡಳಿತದಲ್ಲಿ ಆಸಕ್ತಿ ಇದ್ದರೆ ‘ಯೆಸ್ ಮಿನಿಸ್ಟರ್’. 1980ರಲ್ಲಿ ಶುರುವಾದದ್ದು. ಮಂತ್ರಿಯಾಗಿ ಪಾಲ್ ಎಡಿಂಗ್ಟನ್, ಅವರನ್ನು ಬೆರಳತುದಿಯಲ್ಲಿ ಆಡಿಸುವ ಕಾರ್ಯದರ್ಶಿಯಾಗಿ ನೈಜೆಲ್ ಹಾಥೋರ್ನ್. ವಿಧಾನಸೌಧದ ಕಡತಗಳ ನಡೆ ಬಲ್ಲವರಿಗೆ ಟಿಪ್ಪಣಿಯೇ ಬೇಕಾಗುವುದಿಲ್ಲ. ಅಪರಾಧ ಕಥೆ ಇಷ್ಟವಾದರೆ ಯಾರ್ಕ್‌ಷೈರ್ ಕಣಿವೆಯಲ್ಲಿ ನಡೆಯುವ ‘ಹ್ಯಾಪಿ ವ್ಯಾಲಿ’: ಮೂರು ಸೀಸನ್, 18 ಕಂತು, ಪೊಲೀಸ್ ಸಾರ್ಜೆಂಟ್ ಆಗಿ ಸಾರಾ ಲ್ಯಾಂಕಷರ್. ನಾನು ನೋಡಿದ ಅಭಿನಯಗಳಲ್ಲಿ ಅದಕ್ಕೆ ಸಮನಾದದ್ದು ಬಹಳ ಕಡಿಮೆ. ಸದ್ದುಗದ್ದಲವಿಲ್ಲದ್ದು ಬೇಕಾದರೆ ‘ಡಿಟೆಕ್ಟರಿಸ್ಟ್ಸ್’. ಲೋಹಶೋಧಕ ಯಂತ್ರ ಹಿಡಿದು ಹೊಲಗಳಲ್ಲಿ ಹಳೆಯ ನಾಣ್ಯ ಹುಡುಕುವ ಇಬ್ಬರು ಗೆಳೆಯರ ಕಥೆ. ಬರೆದು, ನಿರ್ದೇಶಿಸಿ, ನಟಿಸಿದವರು ಮೆಕೆಂಜಿ ಕ್ರೂಕ್. ಜೊತೆಗೆ ಟೋಬಿ ಜೋನ್ಸ್. ಹಳೆಯ ಕಾಲದ ಮನೆ, ಪೋಷಾಕು, ಪ್ರೇಮ ಬೇಕಾದವರಿಗೆ 1995ರ ‘ಪ್ರೈಡ್ ಅಂಡ್ ಪ್ರೆಜುಡಿಸ್’, ಆರು ಕಂತು.

ಇಲ್ಲಿ ಎಡವುವ ಜಾಗಗಳು ಮೂರು. ಮೊದಲನೆಯದು, ಒಂದೇ ಹೆಸರಿನ ಅಮೆರಿಕನ್ ಆವೃತ್ತಿಯನ್ನು ನೋಡಿಬಿಡುವುದು. ‘ದಿ ಆಫೀಸ್’ ಮೂಲತಃ 2001ರ ಬ್ರಿಟಿಷ್ ಸರಣಿ, ‘ಹೌಸ್ ಆಫ್ ಕಾರ್ಡ್ಸ್’ ಮೂಲತಃ 1990ರದು, ಇಯಾನ್ ರಿಚರ್ಡ್‌ಸನ್ ನಟಿಸಿದ್ದು. ಒತ್ತುವ ಮುನ್ನ ವರ್ಷ ನೋಡಿ. ಎರಡನೆಯದು, ಸ್ಪೆಷಲ್‌ಗಳನ್ನು ಬಿಟ್ಟುಬಿಡುವುದು. ಒಟಿಟಿಗಳು ಇವನ್ನು ಕೊನೆಯ ಮೂಲೆಗೋ ಬೇರೆಯ ಹೆಸರಿಗೋ ಹಾಕಿರುತ್ತವೆ. ‘ದಿ ಆಫೀಸ್’ನ ಕಥೆ ನಿಜವಾಗಿ ಮುಗಿಯುವುದು 2003ರ ಎರಡು ಭಾಗದ ಕ್ರಿಸ್‌ಮಸ್ ಸ್ಪೆಷಲ್‌ನಲ್ಲಿ. ಅದನ್ನು ನೋಡದವರಿಗೆ ಆ ಸರಣಿ ಕಹಿಯಾಗಿಯೇ ಉಳಿಯುತ್ತದೆ. ‘ಶೆರ್ಲಾಕ್’ನ 2016ರ ಹೊಸವರ್ಷದ ಸ್ಪೆಷಲ್ ಮೂರನೆಯ ಮತ್ತು ನಾಲ್ಕನೆಯ ಸೀಸನ್‌ಗಳ ನಡುವೆ ಬರಬೇಕು.

ಮೂರನೆಯದು ‘ಡಾಕ್ಟರ್ ಹೂ’, ಕಾಲದಲ್ಲಿ ಹಿಂದೆ ಮುಂದೆ ಸಂಚರಿಸುವ ‘ಡಾಕ್ಟರ್’ ಎಂಬ ಅನ್ಯಲೋಕದ ಜೀವಿಯ ಕಥೆ; ಡಾಕ್ಟರ್ ಆಗಾಗ ರೂಪ ಬದಲಿಸುವುದರಿಂದ ಆ ಪಾತ್ರಕ್ಕೆ ಹೊಸ ನಟರು ಬರುತ್ತಿರುತ್ತಾರೆ. ಅದನ್ನು ಮೊದಲ ಕಂತಿನಿಂದಲೇ ನೋಡುತ್ತೇನೆಂದು ಹಟ ಹಿಡಿಯಬೇಡಿ. 1963ರ ನವೆಂಬರ್ 23ರಂದು ಶುರುವಾದ ಈ ಸರಣಿಯ 1960ರ ದಶಕದ ಹಲವಾರು ಕಂತುಗಳು ಇವತ್ತು ಲಭ್ಯವೇ ಇಲ್ಲ, ಬಿಬಿಸಿ ಆಗ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡುತ್ತಿತ್ತು. 1989ಕ್ಕೆ ನಿಂತು 2005ರಲ್ಲಿ ಮರಳಿದ ಆವೃತ್ತಿಯಿಂದ ಆರಂಭಿಸಿ. ಸಂಖ್ಯೆಯ ಗೋಜಲೂ ಇದೆ: 1963ರದೂ ಸೀಸನ್ ಒಂದು, 2005ರದೂ ಒಂದು, 2024ರದಕ್ಕೂ ಮತ್ತೆ ಒಂದು ಎಂದೇ ಹೆಸರು. ಇದರಲ್ಲಿಯೂ ವರ್ಷವೇ ನಿಮ್ಮ ಗುರುತು. ಪರೀಕ್ಷೆಗೆ ಒಂದೇ ಕಂತು ಸಾಕೆಂದರೆ 2007ರ ‘ಬ್ಲಿಂಕ್’ ನೋಡಿ. ಅದರಲ್ಲಿ ಡಾಕ್ಟರ್ ಬರುವುದೇ ಸ್ವಲ್ಪ ಹೊತ್ತು, ಇಡೀ ಕಂತನ್ನು ಹೊತ್ತವರು ಆಗಿನ್ನೂ ಹೊಸಬರಾಗಿದ್ದ ಕ್ಯಾರಿ ಮಲಿಗನ್.

ಹಂತ 2: ಕಿವಿ ಪಳಗಲಿ

ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ, ಆದರೂ ಅರ್ಧ ಮಾತು ತಿಳಿಯುವುದಿಲ್ಲ ಎಂಬ ದೂರು ಮಾಮೂಲು. ತಪ್ಪು ನಿಮ್ಮದಲ್ಲ. ಮಂಡ್ಯ, ಕುಂದಾಪುರ, ಧಾರವಾಡಗಳ ಕನ್ನಡ ಹೇಗೆ ಬೇರೆ ಬೇರೆಯೋ ಅಲ್ಲಿಯೂ ಹಾಗೆಯೇ. ಪಾಠದ ಕ್ಯಾಸೆಟ್ಟಿನಲ್ಲಿ ಕೇಳಿದ ನುಡಿಗೆ ಅಲ್ಲಿ ‘ಆರ್‌ಪಿ’ ಎಂಬ ಹೆಸರು, ಮೇಲ್ವರ್ಗದ ಶಾಲೆಗಳ ಉಚ್ಚಾರಣೆ ಅದು. ಸಿರಿವಂತರ ಬಂಗಲೆಯೊಂದರ ಕಥೆಯಾದ ‘ಡೌನ್‌ಟನ್ ಆ್ಯಬಿ’ಯಲ್ಲಿ ಮೇಲಂತಸ್ತಿನ ಮನೆಯವರು ಆಡುವುದು ಅದನ್ನೇ, ಅಡುಗೆಮನೆಯ ಆಳುಗಳ ಮಾತು ಬೇರೆ. ‘ವೆರಾ’ದ ನ್ಯೂಕ್ಯಾಸಲ್ ಮಾತಿಗೆ ‘ಜೋರ್ಡಿ’ ಎಂದು ಹೆಸರು, ಲಿವರ್‌ಪೂಲಿನದು ‘ಸ್ಕೌಸ್’, ‘ಪೀಕಿ ಬ್ಲೈಂಡರ್ಸ್’ನಲ್ಲಿ ಕೇಳುವ ಬರ್ಮಿಂಗ್‌ಹ್ಯಾಮ್ ನುಡಿ ‘ಬ್ರಮ್ಮಿ’.

ಮಾಡಬೇಕಾದದ್ದು ಇಷ್ಟೆ. ಮೊದಲ ಎರಡು ಕಂತುಗಳನ್ನು ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ನೋಡಿ, ಸಂಕೋಚ ಬೇಡ. ಮೂರನೆಯದಕ್ಕೆ ಅದನ್ನು ತೆಗೆದು ನೋಡಿ. ಹಿಂದಿಗೆ ಡಬ್ ಆದದ್ದು ಸಿಕ್ಕರೂ ಅದರತ್ತ ಹೋಗಬೇಡಿ, ಏಕೆಂದರೆ ಆ ನಾಡಿನಲ್ಲಿ ಒಬ್ಬ ಮನುಷ್ಯನ ಊರು, ವರ್ಗ, ಓದು ಎಲ್ಲವೂ ಅವನ ನಾಲಿಗೆಯ ಮೇಲಿರುತ್ತದೆ. ನಟರ ಅರ್ಧ ಕೆಲಸ ನಡೆಯುವುದು ಅಲ್ಲಿಯೇ. ಡೇವಿಡ್ ಟೆನಂಟ್ ಸ್ಕಾಟ್ಲೆಂಡಿನವರು. ‘ಡಾಕ್ಟರ್ ಹೂ’ನಲ್ಲಿ ಅವರ ಮಾತು ಲಂಡನ್ ಕಡೆಯದು, ‘ಬ್ರಾಡ್‌ಚರ್ಚ್’ನಲ್ಲಿ ತಮ್ಮದೇ ಸ್ಕಾಟಿಷ್ ನುಡಿ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ, ಒಬ್ಬನೇ ಮನುಷ್ಯನ ಮೈಯ ಬಿಗಿಯೇ ಹೇಗೆ ಬದಲಾಗುತ್ತದೆಂದು ಕಾಣುತ್ತದೆ.

ಪೊಲೀಸ್ ಸರಣಿಗಳಲ್ಲಿ ಸಂಕ್ಷೇಪಗಳ ಮಳೆ. ‘ಪಿಸಿ’ ಎಂದರೆ ಕಾನ್‌ಸ್ಟೇಬಲ್. ‘ಡಿಎಸ್’, ‘ಡಿಐ’, ‘ಡಿಸಿಐ’ ಎಂದರೆ ಕ್ರಮವಾಗಿ ಪತ್ತೇದಾರಿ ವಿಭಾಗದ ಸಾರ್ಜೆಂಟ್, ಇನ್‌ಸ್ಪೆಕ್ಟರ್, ಮುಖ್ಯ ಇನ್‌ಸ್ಪೆಕ್ಟರ್. ಮೇಲಧಿಕಾರಿಯನ್ನು ‘ಗವ್’ ಎಂದು ಕರೆಯುತ್ತಾರೆ. ‘ಲೈನ್ ಆಫ್ ಡ್ಯೂಟಿ’ಯಂಥ ಸರಣಿಯಲ್ಲಿ ಇವು ಇನ್ನೂ ದಟ್ಟವಾಗಿವೆ, ಅದನ್ನು ಮೊದಲನೆಯದಾಗಿ ಆರಿಸಬೇಡಿ.

ಹಂತ 3: ಒಬ್ಬರನ್ನು ಆರಿಸಿ, ಅವರ ಜಾಡು ಹಿಡಿಯಿರಿ

ಈ ಹಂತಕ್ಕೆ ಸಮಯ ಕೊಡಿ. ನೋಡಿದ ಸರಣಿಯಲ್ಲಿ ಯಾರ ಮುಖ ನಿಮ್ಮನ್ನು ಹಿಡಿದು ನಿಲ್ಲಿಸಿತು? ನಾಯಕರೇ ಆಗಬೇಕಿಲ್ಲ. ಒಂದು ಹೆಸರು ಬರೆದುಕೊಳ್ಳಿ. ಐಎಂಡಿಬಿಯಂಥ ತಾಣದಲ್ಲಿ ಅವರ ಕೆಲಸಗಳ ಪೂರ್ತಿ ಪಟ್ಟಿ ಸಿಗುತ್ತದೆ. ಅದರಲ್ಲಿ ಹಿಂದಿನದೊಂದು, ಬೇರೆ ಬಗೆಯದೊಂದು, ಚಿಕ್ಕ ಪಾತ್ರದ್ದೊಂದು, ಹೀಗೆ ಮೂರನ್ನು ಆರಿಸಿ. ಎಲ್ಲವನ್ನೂ ನೋಡಲು ಹೋಗಬೇಡಿ. ಈ ಮೂರರಲ್ಲಿ ಪ್ರತಿಯೊಂದೂ ನಿಮಗೆ ಇನ್ನೊಂದು ಹೆಸರು ಕೊಡುತ್ತದೆ.

ಒಲಿವಿಯಾ ಕೋಲ್ಮನ್ ಅವರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನೀವು ಅವರನ್ನು ‘ದಿ ಕ್ರೌನ್’ನ ಮೂರು ಮತ್ತು ನಾಲ್ಕನೆಯ ಸೀಸನ್‌ಗಳಲ್ಲಿ ರಾಣಿ ಎರಡನೆಯ ಎಲಿಜಬೆತ್ ಆಗಿ ನೋಡಿರಬಹುದು. ಹಿಂದಕ್ಕೆ ಹೋಗಿ. 2003ರಲ್ಲಿ ಚಾನೆಲ್ 4ರಲ್ಲಿ ಆರಂಭವಾದ ‘ಪೀಪ್ ಶೋ’ ಎಂಬ ಹಾಸ್ಯಸರಣಿಯಲ್ಲಿ ಅವರು ಕಚೇರಿಯ ಸಹೋದ್ಯೋಗಿ ಸೋಫಿ. ಕ್ಯಾಮೆರಾ ಪಾತ್ರಗಳ ಕಣ್ಣಿನ ಜಾಗದಲ್ಲಿ ಕೂತು ನೋಡುವ ವಿಚಿತ್ರ ಸರಣಿ ಅದು, ನಟರು ನೇರ ಕ್ಯಾಮೆರಾದ ಒಳಗೇ ನೋಡಿ ಮಾತಾಡಬೇಕು. ಅಲ್ಲಿ ಕಲಿತದ್ದೇನೆಂದು ಅವರ ಮುಂದಿನ ಕೆಲಸಗಳಲ್ಲಿ ಕಾಣುತ್ತದೆ: ಒಂದೇ ನೋಟದಲ್ಲಿ ನಗೆ ಒಡೆದು ಅಳುವಾಗುವುದು.

ಮುಂದೆ 2013ರ ‘ಬ್ರಾಡ್‌ಚರ್ಚ್’. ಕಡಲತಡಿಯ ಊರಿನಲ್ಲಿ ಒಬ್ಬ ಹುಡುಗನ ಕೊಲೆ, ತನಿಖೆಗೆ ಟೆನಂಟ್ ಮತ್ತು ಕೋಲ್ಮನ್. ಮೊದಲ ಸೀಸನ್ನಿನ ಕೊನೆಯ ಕಂತಿನಲ್ಲಿ ಕೊಲೆಗಾರನ ಹೆಸರು ಕೇಳಿದಾಗ ಕೋಲ್ಮನ್ ಮಾಡುವುದನ್ನು ನಾನಿಲ್ಲಿ ವಿವರಿಸುವುದಿಲ್ಲ, ನೋಡಿ. ಅದರ ಮೊದಲು ಯಾರಾದರೂ ಆ ಹೆಸರು ಹೇಳಿಬಿಡುವ ಅಪಾಯವಿದೆ, ಆದ್ದರಿಂದ ನೋಡಿ ಮುಗಿಸುವವರೆಗೆ ಸರಣಿಯ ವಿಕಿಪೀಡಿಯ ಪುಟವನ್ನು ತೆರೆಯಬೇಡಿ. ತಾರಾಗಣ ತಿಳಿಯಲು ಕಂತಿನ ಕೊನೆಯಲ್ಲಿ ಓಡುವ ಹೆಸರುಗಳೇ ಸಾಕು, ಅಲ್ಲಿ ತಡೆದು ಓದಿ. ಒಟಿಟಿ ಮುಂದಿನ ಕಂತಿಗೆ ತಾನಾಗಿ ಹಾರದಂತೆ ಆಟೋಪ್ಲೇ ನಿಲ್ಲಿಸಿಡಿ.

ಆ ಹೆಸರುಗಳಿಂದ ದಾರಿಗಳು ಕವಲೊಡೆಯುತ್ತವೆ. ಸತ್ತ ಹುಡುಗನ ತಾಯಿ ಜೋಡಿ ವಿಟ್ಟೇಕರ್, ಮುಂದೆ ‘ಡಾಕ್ಟರ್ ಹೂ’ನ ಮೊದಲ ಮಹಿಳಾ ಡಾಕ್ಟರ್ ಆಗಿ ಸರಣಿಯನ್ನು ನಡೆಸಿದವರು. ಅವರನ್ನು ಅಲ್ಲಿಗೆ ಒಯ್ದ ಲೇಖಕ ಕ್ರಿಸ್ ಚಿಬ್ನಾಲ್ ‘ಬ್ರಾಡ್‌ಚರ್ಚ್’ ಬರೆದವರೇ. ಎರಡನೆಯ ಸೀಸನ್ನಿನ ಕಿರಿಯ ವಕೀಲೆ ಫೀಬಿ ವಾಲರ್-ಬ್ರಿಡ್ಜ್, ಮರುವರ್ಷವೇ ‘ಫ್ಲೀಬ್ಯಾಗ್’ ಬರೆದು ನಟಿಸಿ ಹೆಸರಾದರು. ಅದರಲ್ಲಿ ಮಲತಾಯಿಯಾಗಲು ಹೊರಟ ಸಿಹಿಮಾತಿನ ಕ್ರೂರಿಯಾಗಿ ಮತ್ತೆ ಕೋಲ್ಮನ್. ಇನ್ನು ಪತ್ರಿಕೆ ಮಾರುವ ಅಂಗಡಿಯ ಮುದುಕ ಡೇವಿಡ್ ಬ್ರಾಡ್ಲಿ. ಅದೇ 2013ರಲ್ಲಿ, ‘ಡಾಕ್ಟರ್ ಹೂ’ ಹುಟ್ಟಿದ ಕಥೆಯನ್ನು ಹೇಳುವ ಟಿವಿ ಚಿತ್ರದಲ್ಲಿ ಅವರು ಮೊದಲ ಡಾಕ್ಟರ್ ವಿಲಿಯಂ ಹಾರ್ಟ್‌ನೆಲ್ ಆಗಿ ನಟಿಸಿದರು. ಆ ಚಿತ್ರದಲ್ಲಿ ಸಾಶಾ ಧವನ್ ವಹಿಸಿದ ಪಾತ್ರ ವಾರಿಸ್ ಹುಸೇನ್ ಅವರದು. ಲಖನೌದಲ್ಲಿ ಹುಟ್ಟಿದ ಹುಸೇನ್ ‘ಡಾಕ್ಟರ್ ಹೂ’ನ ಮೊಟ್ಟಮೊದಲ ಕಂತಿನ ನಿರ್ದೇಶಕರು. ಆಗ ಅವರಿಗೆ ಇಪ್ಪತ್ತೈದೂ ತುಂಬಿರಲಿಲ್ಲ. ಆ ಕಂತಿನ ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಕೂಡ ಇಪ್ಪತ್ತರ ಹರೆಯದವರು. ರಾಣಿಯ ಪಾತ್ರದಿಂದ ಹೊರಟವರು ಐದಾರು ಹೆಜ್ಜೆಯಲ್ಲಿ 1963ಕ್ಕೂ ಲಖನೌಗೂ ಬಂದು ಮುಟ್ಟಿದ್ದೀರಿ.

ಕೋಲ್ಮನ್ ಅವರದೇ ಇನ್ನೊಂದು ಕವಲು: 2016ರ ‘ದ ನೈಟ್ ಮ್ಯಾನೇಜರ್’. ಮೂಲ ಕಾದಂಬರಿಯಲ್ಲಿ ಗಂಡಸಾಗಿದ್ದ ಗೂಢಚಾರ ಅಧಿಕಾರಿಯನ್ನು ಟಿವಿಗೆ ಹೆಂಗಸಾಗಿಸಿದರು, ಚಿತ್ರೀಕರಣದ ಹೊತ್ತಿಗೆ ಕೋಲ್ಮನ್ ಬಸುರಿಯಾಗಿದ್ದರಿಂದ ಪಾತ್ರವೂ ಬಸುರಿಯಾಯಿತು. 2023ರ ಹಿಂದಿ ಆವೃತ್ತಿಯಲ್ಲಿ ತಿಲೋತ್ತಮಾ ಶೋಮ್ ಅದನ್ನು ಹಾಗೆಯೇ ಉಳಿಸಿಕೊಂಡು ತಮ್ಮದೇ ರೀತಿಯಲ್ಲಿ ಆಡಿದ್ದಾರೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.

ನಮ್ಮ ಊರಿನಿಂದಲೇ ಹೊರಡುವ ಜಾಡೂ ಒಂದಿದೆ, ನನಗೆ ಅದು ಬಹಳ ಪ್ರಿಯ. ಡೇವಿಡ್ ಲೀನ್ ಅವರ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದ ಗುಹೆಯ ದೃಶ್ಯಗಳಿಗೆ ಅವರು ಬಂದದ್ದು ರಾಮನಗರ, ಸಾವನದುರ್ಗಗಳ ಬಂಡೆಗಳಿಗೆ. ಆ ಬಂಡೆಗಳ ನಡುವೆ ನಡೆದವರಲ್ಲಿ ಪೆಗಿ ಆ್ಯಶ್‌ಕ್ರಾಫ್ಟ್ ಒಬ್ಬರು, ಆ ಪಾತ್ರಕ್ಕೆ ಅವರಿಗೆ ಆಸ್ಕರ್ ಬಂತು. ಅದೇ ವರ್ಷ ಬ್ರಿಟನ್ನಿನಲ್ಲಿ ಪ್ರಸಾರವಾದ 14 ಕಂತಿನ ‘ದ ಜ್ಯುವೆಲ್ ಇನ್ ದ ಕ್ರೌನ್’ನಲ್ಲಿ ಅವರು ಭಾರತದಲ್ಲಿ ಒಂಟಿಯಾಗಿ ಮುಪ್ಪಾಗುವ ಮಿಷನರಿ ಶಿಕ್ಷಕಿ ಬಾರ್ಬಿ. ನೋಡಲೇಬೇಕಾದದ್ದು. ಎರಡರಲ್ಲಿಯೂ ಇದ್ದ ಇನ್ನಿಬ್ಬರು ಸಯೀದ್ ಜಾಫ್ರಿ ಮತ್ತು ಆರ್ಟ್ ಮಲಿಕ್. ಜಾಫ್ರಿಯವರನ್ನು ಹಿಡಿದರೆ ದಶಕಗಳಿಂದ ನಡೆಯುತ್ತಿರುವ ‘ಕೊರೊನೇಶನ್ ಸ್ಟ್ರೀಟ್’ ಧಾರಾವಾಹಿಯವರೆಗೆ ಹೋಗುತ್ತೀರಿ. ಚಿತ್ರದಲ್ಲಿ ಪ್ರೊಫೆಸರ್ ಗೋಡ್ಬೋಲೆಯಾದ ಅಲೆಕ್ ಗಿನ್ನೆಸ್ ಅವರನ್ನು ಹಿಡಿದರೆ 1979ರ ‘ಟಿಂಕರ್ ಟೇಲರ್ ಸೋಲ್ಜರ್ ಸ್ಪೈ’ ಸಿಗುತ್ತದೆ: ಏಳು ಕಂತಿನಲ್ಲಿ ಕನ್ನಡಕ ಒರೆಸುತ್ತ, ಎದುರಿನವರ ಮಾತು ಕೇಳುತ್ತ ಕೂತ ಒಬ್ಬ ವಯಸ್ಸಾದ ಗೂಢಚಾರ. ಸುಮ್ಮನೆ ಕೇಳುವುದೂ ಎಂಥ ಅಭಿನಯ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಹಂತ 4: ಚಿಕ್ಕ ಪಾತ್ರಗಳಲ್ಲಿ ಹುಡುಕಿ

ಬ್ರಿಟನ್ನಿನಲ್ಲಿ ದಶಕಗಟ್ಟಲೆ ನಡೆಯುವ ಸರಣಿಗಳು ಕೆಲವಿವೆ. ‘ಕೊರೊನೇಶನ್ ಸ್ಟ್ರೀಟ್’ 1960ರಿಂದ, ‘ಈಸ್ಟ್‌ಎಂಡರ್ಸ್’ 1985ರಿಂದ, ಆಸ್ಪತ್ರೆಯ ಕಥೆ ‘ಕ್ಯಾಶುವಾಲ್ಟಿ’ 1986ರಿಂದ, ಹಳ್ಳಿಯ ಕೊಲೆಗಳ ‘ಮಿಡ್ಸಮರ್ ಮರ್ಡರ್ಸ್’ 1997ರಿಂದ. ಇವನ್ನು ಮೊದಲಿನಿಂದ ಕೊನೆಯವರೆಗೆ ನೋಡುವ ಸಾಹಸ ಬೇಡ. ಆದರೆ ನಿಮ್ಮ ನಟರ ಪಟ್ಟಿಯಲ್ಲಿ ಇವು ಕಂಡರೆ ಆ ಒಂದು ಕಂತನ್ನು ಹುಡುಕಿ ನೋಡಿ. ಬೆನ್ ಕಿಂಗ್ಸ್‌ಲಿ ಗಾಂಧಿಯಾಗುವುದಕ್ಕೆ ಎಷ್ಟೋ ವರ್ಷ ಮೊದಲು ‘ಕೊರೊನೇಶನ್ ಸ್ಟ್ರೀಟ್’ನಲ್ಲಿದ್ದರು. ಕೇಟ್ ವಿನ್ಸ್‌ಲೆಟ್ ‘ಕ್ಯಾಶುವಾಲ್ಟಿ’ಯ ಒಂದು ಕಂತಿನಲ್ಲಿ, ಒರ್ಲ್ಯಾಂಡೊ ಬ್ಲೂಮ್ ಮತ್ತು ಹೆನ್ರಿ ಕ್ಯಾವಿಲ್ ‘ಮಿಡ್ಸಮರ್’ನಲ್ಲಿ ಬಂದುಹೋಗಿದ್ದಾರೆ. ಹಿಮೇಶ್ ಪಟೇಲ್ ಸುಮಾರು ಒಂಬತ್ತು ವರ್ಷ ‘ಈಸ್ಟ್‌ಎಂಡರ್ಸ್’ನಲ್ಲಿ ಬೆಳೆದವರು. ಸಾರಾ ಲ್ಯಾಂಕಷರ್ ಅವರನ್ನು ಅಲ್ಲಿನ ಜನ ಮೊದಲು ಪ್ರೀತಿಸಿದ್ದು ‘ಕೊರೊನೇಶನ್ ಸ್ಟ್ರೀಟ್’ನ ಮುಗ್ಧ ರಾಕೆಲ್ ಆಗಿ.

ರಕ್ತಸಂಬಂಧಗಳನ್ನೂ ಗಮನಿಸಿ. ‘ಶೆರ್ಲಾಕ್’ನಲ್ಲಿ ನಾಯಕನ ತಂದೆತಾಯಿಯಾಗಿ ಬರುವವರು ಕಂಬರ್‌ಬ್ಯಾಚ್ ಅವರ ನಿಜವಾದ ತಂದೆತಾಯಿ, ಇಬ್ಬರೂ ವೃತ್ತಿಯಿಂದ ನಟರು. ‘ಡಿಟೆಕ್ಟರಿಸ್ಟ್ಸ್’ನಲ್ಲಿ ಡಯಾನಾ ರಿಗ್ ಮತ್ತು ಮಗಳು ರೇಚಲ್ ಸ್ಟರ್ಲಿಂಗ್ ತಾಯಿಮಗಳಾಗಿಯೇ ಬರುತ್ತಾರೆ. ‘ಇನ್‌ಸ್ಪೆಕ್ಟರ್ ಮೋರ್ಸ್’ ಆಗಿ ಹೆಸರಾದ ಜಾನ್ ಥಾ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ಮೋರ್ಸ್‌ನ ಯೌವನದ ಕಥೆಯಾದ ‘ಎಂಡೆವರ್’ನಲ್ಲಿ ಪತ್ರಿಕಾ ಸಂಪಾದಕಿಯಾಗಿ ಬರುವವರು ಜಾನ್ ಅವರ ಮಗಳು ಆ್ಯಬಿಗೇಲ್ ಥಾ.

ಹಂತ 5: ರಂಗಭೂಮಿಯನ್ನು ಬಿಡಬೇಡಿ

ನೀನಾಸಂ, ರಂಗಾಯಣಗಳಿಂದ ಬಂದ ನಟರ ನಡೆನುಡಿ ನಮ್ಮ ಸಿನಿಮಾಗಳಲ್ಲಿ ಹೇಗೆ ಬೇರೆಯಾಗಿ ಕಾಣುತ್ತದೆಂದು ನಿಮಗೆ ಗೊತ್ತು. ಬ್ರಿಟನ್ನಿನಲ್ಲಿ ಅಂಥವರೇ ಬಹುಪಾಲು. ‘ವುಲ್ಫ್ ಹಾಲ್’ನ ಮಾರ್ಕ್ ರೈಲನ್ಸ್ ಹತ್ತು ವರ್ಷ ಶೇಕ್ಸ್‌ಪಿಯರ್ ಗ್ಲೋಬ್ ರಂಗಮಂದಿರದ ಕಲಾ ನಿರ್ದೇಶಕರಾಗಿದ್ದವರು. ಟೆನಂಟ್ ಅವರ 2008ರ ಹ್ಯಾಮ್ಲೆಟ್ ಮರುವರ್ಷ ಬಿಬಿಸಿಗಾಗಿ ಚಿತ್ರೀಕರಣಗೊಂಡಿದೆ. ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರಿಂದ ತನ್ನ ನಾಟಕಗಳನ್ನು ಚಿತ್ರಮಂದಿರಗಳಿಗೆ ಕಳಿಸುತ್ತಿದೆ, 2020ರ ಕೊನೆಯಿಂದ ಮನೆಯಲ್ಲಿಯೇ ನೋಡುವ ಚಂದಾ ಸೇವೆಯನ್ನೂ ನಡೆಸುತ್ತಿದೆ. ಕಂಬರ್‌ಬ್ಯಾಚ್ ಮತ್ತು ಜಾನಿ ಲೀ ಮಿಲ್ಲರ್ ರಾತ್ರಿಗೊಮ್ಮೆ ಪಾತ್ರ ಅದಲುಬದಲು ಮಾಡಿಕೊಂಡು ಆಡಿದ 2011ರ ‘ಫ್ರಾಂಕೆನ್‌ಸ್ಟೈನ್’ ಸಿಕ್ಕರೆ ಎರಡೂ ಆವೃತ್ತಿ ನೋಡಿ. ನಾಟಕದ ರೆಕಾರ್ಡಿಂಗಿನಲ್ಲಿ ಮೊದಲ ಹತ್ತು ನಿಮಿಷ ದನಿ ಜೋರೆನಿಸುತ್ತದೆ, ಹಿಂದಿನ ಸಾಲಿನವರಿಗೂ ಕೇಳಬೇಕಲ್ಲ. ಅಷ್ಟಕ್ಕೇ ನಿಲ್ಲಿಸಬೇಡಿ.

ರೇಡಿಯೊಗೂ ಸ್ವಲ್ಪ ಕಿವಿ ಕೊಡಿ. ‘ಗುಡ್‌ನೆಸ್ ಗ್ರೇಷಸ್ ಮಿ’ ಎಂಬ, ಬ್ರಿಟನ್ನಿನ ಭಾರತೀಯರು ತಾವೇ ಬರೆದು ಆಡಿದ ಹಾಸ್ಯ, ಟಿವಿಗೆ ಬರುವ ಮೊದಲು ರೇಡಿಯೊದಲ್ಲಿ ಹುಟ್ಟಿತು. ಅಲ್ಲಿ ನಗಿಸಿದ ಸಂಜೀವ್ ಭಾಸ್ಕರ್ ಅವರನ್ನು ‘ಅನ್‌ಫರ್ಗಾಟನ್’ನ ಮೆದುಮಾತಿನ ಪೊಲೀಸ್ ಅಧಿಕಾರಿಯಾಗಿ ನೋಡುವುದು ಬೇರೆಯೇ ಅನುಭವ.

ಹಂತ 6: ಎಲ್ಲಿ ಸಿಗುತ್ತದೆ?

ಇದಕ್ಕೆ ನಿಂತ ಉತ್ತರವಿಲ್ಲ. ಪ್ರಸಾರದ ಹಕ್ಕುಗಳು ಒಂದು ಒಟಿಟಿಯಿಂದ ಇನ್ನೊಂದಕ್ಕೆ ಸಾಗುತ್ತಲೇ ಇರುತ್ತವೆ. ಜಸ್ಟ್‌ವಾಚ್ ತಾಣದಲ್ಲಿ ದೇಶವನ್ನು ಭಾರತ ಎಂದು ಇಟ್ಟುಕೊಂಡು ಹೆಸರು ಹುಡುಕಿದರೆ ಅಂದಿನ ಸ್ಥಿತಿ ತಿಳಿಯುತ್ತದೆ. ಒಟಿಟಿಯೊಳಗೆ ಸರಣಿಯ ಹೆಸರಿಗಿಂತ ನಟರ ಹೆಸರನ್ನು ಹುಡುಕಿ, ಮೂಲೆಯಲ್ಲಿ ಬಿದ್ದಿರುವುದೆಲ್ಲ ಹೊರಬರುತ್ತದೆ. ಒಂದೇ ಸರಣಿಗಾಗಿ ವರ್ಷದ ಚಂದಾ ಕಟ್ಟಬೇಡಿ. ತಿಂಗಳಿನದು ಸಾಕು, ಸರಣಿಗಳು ಗಿಡ್ಡ ಎಂದೆನಲ್ಲ.

ಬಿಬಿಸಿಯ ಸ್ವಂತ ಒಟಿಟಿಯಾದ ಐಪ್ಲೇಯರ್ ಬ್ರಿಟನ್ನಿನ ಒಳಗೆ ಇರುವವರಿಗೆ ಮಾತ್ರ. ವಿಪಿಎನ್ ಹಾಕಿ ಇಲ್ಲಿಂದ ನೋಡುವುದು ಅದರ ನಿಯಮಕ್ಕೆ ವಿರುದ್ಧ. ಯೂಟ್ಯೂಬಿನಲ್ಲಿ ಯಾರೋ ಏರಿಸಿದ ಕಳ್ಳಪ್ರತಿಗಳಲ್ಲಿ ಅಂಚು ಕತ್ತರಿಸಿ, ಚಿತ್ರ ತಿರುಗಿಸಿ, ದನಿಯ ಶ್ರುತಿ ಬದಲಿಸಿರುತ್ತಾರೆ. ಗಿನ್ನೆಸ್ ಅವರ ಮೌನವನ್ನು ಹಾಗೆ ನೋಡಬಾರದು. ಬ್ರಿಟನ್ನಿಗೆ ಓದಲು, ದುಡಿಯಲು ಹೋಗಿರುವ ಕನ್ನಡಿಗರು ಒಂದು ವಿಷಯ ತಿಳಿದಿರಬೇಕು: ಯಾವುದೇ ವಾಹಿನಿಯನ್ನು ನೇರಪ್ರಸಾರದಲ್ಲಿ ನೋಡಲು, ಮತ್ತು ಐಪ್ಲೇಯರ್‌ನಲ್ಲಿ ಏನನ್ನೇ ನೋಡಲು, ಟಿವಿ ಪರವಾನಗಿ ಕಡ್ಡಾಯ. ಮೊಬೈಲಿನಲ್ಲಿ ನೋಡಿದರೂ ಅಷ್ಟೇ. ಐಟಿವಿ ಮತ್ತು ಚಾನೆಲ್ 4ರ ಹಳೆಯ ಕಂತುಗಳನ್ನು ಅವುಗಳ ಆ್ಯಪ್‌ನಲ್ಲಿ ನೋಡಲು ಅದು ಬೇಕಿಲ್ಲ.

ಹಂತ 7: ಬ್ರಿಟನ್ನಿಗೆ ಹೋಗುವ ಅವಕಾಶ ಬಂದರೆ

ಅಲ್ಲಿ ಹಾಸ್ಯ ಮತ್ತು ರಸಪ್ರಶ್ನೆ ಕಾರ್ಯಕ್ರಮಗಳ ಚಿತ್ರೀಕರಣಕ್ಕೆ ಪ್ರೇಕ್ಷಕರನ್ನು ಪುಕ್ಕಟೆಯಾಗಿ ಕರೆಯುತ್ತಾರೆ. ಬಿಬಿಸಿಯ ತಾಣದಲ್ಲಿ ಅರ್ಜಿ ಹಾಕಬಹುದು. ಟಿಕೆಟ್ ಸಿಕ್ಕಿತೆಂದು ನಿಶ್ಚಿಂತರಾಗಬೇಡಿ. ಕೆಲವರು ಬರುವುದಿಲ್ಲವೆಂಬ ಲೆಕ್ಕದಲ್ಲಿ ಸೀಟಿಗಿಂತ ಹೆಚ್ಚು ಟಿಕೆಟ್ ಕೊಟ್ಟಿರುತ್ತಾರೆ, ತಡವಾಗಿ ಹೋದವರು ಹೊರಗೇ ಉಳಿಯುತ್ತಾರೆ. ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ಎರಡು ಮೂರು ಗಂಟೆ ಚಿತ್ರೀಕರಣ ನಡೆಯುವುದು ಸಾಮಾನ್ಯ, ಕೊನೆಯ ರೈಲಿನ ಸಮಯ ನೋಡಿಕೊಂಡು ಹೋಗಿ.

ನಾಟಕದ ನಂತರ ‘ಸ್ಟೇಜ್ ಡೋರ್’, ಅಂದರೆ ನಟರು ಹೊರಬರುವ ಹಿಂಬಾಗಿಲ ಬಳಿ ಅಭಿಮಾನಿಗಳು ಕಾಯುವ ಪದ್ಧತಿ ಇದೆ. ಆ ದಿನದ ನಾಟಕ ನೋಡಿದವರೇ ಕಾಯುವುದು ಮರ್ಯಾದೆ. ಪೆನ್ನು ಮತ್ತು ನಾಟಕದ ಕೈಪಿಡಿ ಸಿದ್ಧವಿರಲಿ, ಫೋಟೊ ತೆಗೆಯುವ ಮುನ್ನ ಕೇಳಿ, ಮೈ ಮುಟ್ಟಬೇಡಿ. ಅವರು ಬಾರದೆ ಹೋದರೆ ಬೇಸರಿಸಬೇಡಿ, ಎರಡು ಪ್ರದರ್ಶನದ ದಿನ ಅವರಿಗೆ ಉಸಿರಿಗೂ ಬಿಡುವಿರುವುದಿಲ್ಲ.

ಚಿತ್ರೀಕರಣದ ಜಾಗಗಳಲ್ಲಿ ‘ಬ್ರಾಡ್‌ಚರ್ಚ್’ನ ಬಂಡೆಗಳು ಡಾರ್ಸೆಟ್‌ನ ವೆಸ್ಟ್ ಬೇಯಲ್ಲಿವೆ, ‘ಡೌನ್‌ಟನ್’ ಮನೆ ಹ್ಯಾಂಪ್‌ಷೈರಿನ ಹೈಕ್ಲಿಯರ್ ಕ್ಯಾಸಲ್, ‘ಶೆರ್ಲಾಕ್’ನ ಬಾಗಿಲು ಇರುವುದು ಬೇಕರ್ ಸ್ಟ್ರೀಟಿನಲ್ಲಲ್ಲ, ನಾರ್ತ್ ಗೋವರ್ ಸ್ಟ್ರೀಟಿನಲ್ಲಿ. ಹೈಕ್ಲಿಯರ್‌ನಲ್ಲಿ ಇವತ್ತಿಗೂ ಕುಟುಂಬ ವಾಸವಿದೆ, ವರ್ಷದ ಕೆಲವೇ ದಿನ ತೆರೆದಿರುತ್ತದೆ. ತಾರೀಖು ನೋಡಿ ಟಿಕೆಟ್ ಮಾಡಿಸಿದ ಮೇಲೆಯೇ ರೈಲು ಹತ್ತಿ. ವೆಸ್ಟ್ ಬೇಯ ಬಂಡೆಗಳು ಆಗಾಗ ಕುಸಿಯುತ್ತವೆ, ಬುಡದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಬೇಡಿ.

ಹಂತ 8: ನಟರಿಗೆ ಬರೆಯುವುದಾದರೆ

ಮೊದಲು ಎಚ್ಚರಿಕೆ. ಫೇಸ್‌ಬುಕ್‌ನಲ್ಲೋ ಇನ್‌ಸ್ಟಾಗ್ರಾಮ್‌ನಲ್ಲೋ ನಿಮ್ಮ ಮೆಚ್ಚಿನ ನಟ ತಾವಾಗಿ ಸಂದೇಶ ಕಳಿಸಿದರೆ ಅದು ಅವರಲ್ಲ. ನಿಮ್ಮ ಅಭಿಮಾನ ಕಂಡು ಸಂತೋಷವಾಯಿತು ಎಂದು ಶುರುವಾಗುತ್ತದೆ, ಬೇರೆ ಆ್ಯಪ್‌ಗೆ ಬನ್ನಿ ಎಂದು ಮುಂದುವರಿಯುತ್ತದೆ, ಅಭಿಮಾನಿ ಕಾರ್ಡಿಗೋ ಗಿಫ್ಟ್ ಕಾರ್ಡಿಗೋ ದುಡ್ಡು ಕೇಳುವಲ್ಲಿಗೆ ಮುಟ್ಟುತ್ತದೆ. ಈಗ ದನಿ, ಮುಖವನ್ನೂ ಯಂತ್ರದಿಂದ ಅಣಕಿಸಬಹುದು, ವಿಡಿಯೊ ಕರೆ ಬಂತೆಂದು ನಂಬಬೇಡಿ. ಉತ್ತರ ಕೊಡದೆ ಖಾತೆಯನ್ನು ತಡೆಹಿಡಿಯಿರಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ಸೈಬರ್ ದೂರು ಕೊಡಿ. ಜಾಲದಲ್ಲಿ ಮಾರಾಟಕ್ಕಿರುವ ಹಸ್ತಾಕ್ಷರಗಳಲ್ಲಿಯೂ ನಕಲಿಗಳು ಧಾರಾಳ.

ನಿಜವಾದ ದಾರಿ ನಿಧಾನದ್ದು. ನಟರ ಏಜೆಂಟ್, ಅಂದರೆ ಅವರ ವೃತ್ತಿ ವ್ಯವಹಾರ ನೋಡಿಕೊಳ್ಳುವ ಸಂಸ್ಥೆಯ ವಿಳಾಸಕ್ಕೆ ಕಾಗದ ಬರೆಯಬಹುದು. ನಾಟಕ ನಡೆಯುತ್ತಿದ್ದರೆ ರಂಗಮಂದಿರದ ಸ್ಟೇಜ್ ಡೋರ್ ವಿಳಾಸಕ್ಕೂ ಕಳಿಸಬಹುದು. ಮನೆ ವಿಳಾಸ ಹುಡುಕಲು ಹೋಗಬೇಡಿ. ಒಂದೇ ಪುಟ ಬರೆಯಿರಿ, ಕೈಬರಹ ಸ್ಪಷ್ಟವಿರಲಿ. ಎಲ್ಲರೂ ಹೊಗಳುವ ಪಾತ್ರದ ಬಗ್ಗೆ ಬರೆಯುವ ಬದಲು, ಮೂರನೆಯ ಹಂತದಲ್ಲಿ ಹುಡುಕಿ ನೋಡಿದ ಹಳೆಯ ಚಿಕ್ಕ ಪಾತ್ರವೊಂದರ ಬಗ್ಗೆ ಬರೆಯಿರಿ: ಯಾವ ಕಂತು, ಯಾವ ದೃಶ್ಯ, ಅವರು ಏನು ಮಾಡಿದ್ದು ನಿಮ್ಮ ಮನಸ್ಸಿನಲ್ಲಿ ನಿಂತಿತು. ಫೋಟೊ ಬೇಕಿದ್ದರೆ ನಿಮ್ಮ ವಿಳಾಸ ಬರೆದ ಲಕೋಟೆ ಜೊತೆಗಿಡಿ. ಭಾರತದ ಅಂಚೆಚೀಟಿ ಅಲ್ಲಿಂದ ನಡೆಯುವುದಿಲ್ಲ, ಅಲ್ಲಿರುವ ಪರಿಚಿತರಿಂದ ಬ್ರಿಟನ್ನಿನ ಅಂತರರಾಷ್ಟ್ರೀಯ ಚೀಟಿ ತರಿಸಿ ಅಂಟಿಸಿ. ಉತ್ತರಕ್ಕೆ ತಿಂಗಳುಗಳೇ ಹಿಡಿಯಬಹುದು, ಬಾರದೆಯೂ ಇರಬಹುದು. ಅಷ್ಟರಲ್ಲಿ ಪಟ್ಟಿಯ ಮುಂದಿನ ಹೆಸರನ್ನು ಹಿಡಿಯಿರಿ.